ಹೊಸ್ತಿಲಿನ ಆಚೆಯ ಚಪ್ಪಲಿ

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಹೇಳಿದ ಕೂಡಲೇ ಎದುರಿಗೆ ಕೂತವರು ತಮ್ಮ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಹೆಂಗಸರಾದರೆ ಸೀರೆಯ ನೆರಿಗೆಯನ್ನು ಒಂದಿಷ್ಟು ಕೆಳಗೆ ಜಗ್ಗಿಕೊಳ್ಳುತ್ತಾರೆ. ಹೋದ ತಿಂಗಳು ನಮ್ಮ ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದಾಗಲೂ ಹಾಗೇ ಆಯಿತು. ಕಾಲು ನೋಡುವ ಕೆಲಸಕ್ಕೇ ಸೇರಿದವರು ನನ್ನೆದುರು ತಮ್ಮ ಕಾಲು ಮುಚ್ಚಿಕೊಂಡು ಕೂತರು. ನನಗೆ ನಗು ಬಂತು. "ಕೆಲಸ ಹೇಗಿರುತ್ತೆ ಆಂಟಿ? ಬುಕ್ಕಲ್ಲಿ ಇಲ್ಲದ್ದು ಏನಾದ್ರೂ ಹೇಳಿ" ಎಂದರು. ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯಲು ಕೂತೆ.

ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾದ ಮೇಲೆ ಗೊರೂರಿನ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ ಮನೆ, ಮಕ್ಕಳು, ಹಪ್ಪಳ, ಸ್ವೆಟರು ಅಂತ ಇದ್ದುಬಿಟ್ಟಿದ್ದೆ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಅವರ ಹಿಮ್ಮಡಿಯಲ್ಲಿ ಹುಣ್ಣಾದಾಗ ದಿನಾ ಬಸ್ಸು ಹತ್ತಿಸಿಕೊಂಡು ಹಾಸನಕ್ಕೆ ಹೋಗುವುದು ಆಗದ ಮಾತಾಯಿತು. ಆಗ ಅಲ್ಲಿನ ಕ್ಲಿನಿಕ್ಕಿನ ಡಾಕ್ಟರೇ ನನಗೆ ಡ್ರೆಸಿಂಗ್ ಮಾಡುವುದನ್ನು ಹೇಳಿಕೊಟ್ಟರು. ಹುಣ್ಣು ಮಾಯಿತು. ಕೊನೆಯ ಸಲ ಬ್ಯಾಂಡೇಜು ಬಿಚ್ಚುವ ಮೊದಲು ಡಾಕ್ಟರು ನಾನು ಸುತ್ತಿದ್ದನ್ನು ಹಿಂದೆ ಮುಂದೆ ನೋಡಿ, "ಇಷ್ಟು ನೀಟಾಗಿ ನಮ್ಮ ಸಿಸ್ಟರ್‌ಗಳೂ ಸುತ್ತಲ್ಲ. ನಮ್ಮಲ್ಲಿಗೆ ಕೆಲಸಕ್ಕೆ ಬರ್ತೀರಾ ಲಲಿತಮ್ಮಾ?" ಎಂದರು. ನಾನು ತಮಾಷೆ ಎಂದುಕೊಂಡೆ. ನಮ್ಮ ಯಜಮಾನರು ಹಾಗೆ ಎಂದುಕೊಳ್ಳಲಿಲ್ಲ. "ಮಕ್ಕಳು ದೊಡ್ಡೋರಾದ್ರಲ್ಲ, ಹೋಗಿ ನೋಡು" ಎಂದರು. ಬೆಂಗಳೂರಿನಲ್ಲಿ ತರಬೇತಿ ಮುಗಿಸಿಕೊಂಡು, ನಲವತ್ತು ದಾಟಿದ ಮೇಲೆ ಆ ಕ್ಲಿನಿಕ್ಕಿಗೆ ಸೇರಿದೆ.

ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಹೆಸರಿದೆ. ನಮ್ಮ ಕಡೆ ಅದು ಯಾರ ಬಾಯಿಗೂ ಹತ್ತಲಿಲ್ಲ. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, "ಕಾಲ್ ಮೇಡಂ ಬಂದವ್ರೆ ಕಣ್ಲಾ, ನಿಮ್ಮಪ್ಪನ್ ಕರ್ಕಂಬಾ" ಎಂದು ಯಾರೋ ಯಾರಿಗೋ ಕೂಗುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೇ ನನ್ನ ಹೆಸರಾಯಿತು.

ಮಾಡುತ್ತಿದ್ದುದು ಇಷ್ಟು. ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶ ಉಳಿದಿದೆಯೋ ಇಲ್ಲವೋ ನೋಡುವುದು, ದಪ್ಪಗಾದ ಉಗುರು ಕತ್ತರಿಸುವುದು, ಆಣಿ ಮತ್ತು ಜಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಪದರಪದರವಾಗಿ ಹೆರೆದು ತೆಗೆಯುವುದು, ಹುಣ್ಣಿಗೆ ಡ್ರೆಸಿಂಗ್ ಮಾಡುವುದು, ಪಾದದ ಅಳತೆ ತೆಗೆದು ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿಕೊಡುವುದು. ಹಾಸನದಲ್ಲಿ ಕ್ಲಿನಿಕ್ಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಸರದಿಯ ಮೇಲೆ ಹೋಗಿ ಕ್ಯಾಂಪು. ಬರಲಾಗದವರ ಮನೆಗೆ ನಾವೇ ಹೋಗುವುದು.

ಕೈಚಳಕವನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದ ತೊಂದರೆ ಮೊದಲ ವಾರವೇ ಎದುರಾಯಿತು. ಚನ್ನರಾಯಪಟ್ಟಣದ ಕ್ಯಾಂಪಿನಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜ ನಾನು ಪಾದಕ್ಕೆ ಕೈ ಹಾಕಿದ ಕೂಡಲೇ ಬೆಂಕಿ ತಗುಲಿದವರ ಹಾಗೆ ಕಾಲು ಹಿಂದೆಗೆದರು. "ಬ್ಯಾಡ ಕಣ್ ತಾಯಿ. ಮಾಲಕ್ಷ್ಮಿ ಅಂಗಿದೀಯ, ನನ್ ಕಾಲ್ ಮುಟ್ಟೀಯಾ?" ಎಂದರು. ಎಷ್ಟು ಹೇಳಿದರೂ ಕಾಲು ಕೊಡಲಿಲ್ಲ. ಕೊನೆಗೆ ಹೇಗೋ ಒಪ್ಪಿಸಿ ಉಗುರು ತೆಗೆದು ಮುಗಿಸಿದರೆ, ಋಣ ತೀರಿಸುವವರ ಹಾಗೆ ಬಗ್ಗಿ ನನ್ನ ಕಾಲು ಮುಟ್ಟಲು ಬಂದರು. ನಾನು ಹಿಂದಕ್ಕೆ ಹಾರಿದ ರಭಸಕ್ಕೆ ನೀರಿನ ಬೇಸಿನ್ನು ಮಗುಚಿ ಇಬ್ಬರ ಬಟ್ಟೆಯೂ ಒದ್ದೆಯಾಯಿತು. ಅವತ್ತಿಂದ ಒಂದು ಉಪಾಯ ಕಂಡುಕೊಂಡೆ. ಹಿರಿಯರ ಕಾಲು ಹಿಡಿದ ಕೂಡಲೇ, "ಕಾಲು ಮುಟ್ಟಿದೀನಿ ಅಜ್ಜಾ, ಆಶೀರ್ವಾದ ಮಾಡಿಬಿಡಿ" ಎನ್ನುತ್ತಿದ್ದೆ. ಅವರ ಕೈ ತಾನಾಗಿ ನನ್ನ ತಲೆಯ ಮೇಲೆ ಬರುತ್ತಿತ್ತು, ಕಾಲು ನನ್ನ ಕೈಯಲ್ಲೇ ಉಳಿಯುತ್ತಿತ್ತು. ಇಷ್ಟು ವರ್ಷಗಳಲ್ಲಿ ನನ್ನಷ್ಟು ಆಶೀರ್ವಾದ ಪಡೆದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಇನ್ನೊಂದು ತೊಂದರೆ ಮರ್ಯಾದೆಯದು. ಸ್ಪರ್ಶ ನೋಡಲು ನಾನು ಸೇರಿದ ಹೊಸದರಲ್ಲಿ ಹತ್ತಿಯ ಎಳೆ ಬಳಸುತ್ತಿದ್ದೆವು. ಆಮೇಲೆ ನೈಲಾನಿನ ಎಳೆ ಬಂತು, ಬ್ರಷ್ಷಿನ ಒಂದೇ ಕೂದಲಿನ ಹಾಗೆ, ಪಾದಕ್ಕೆ ಒತ್ತಿದರೆ ಬಾಗುವಂಥದ್ದು. ಕಣ್ಣು ಮುಚ್ಚಿಸಿ ಒತ್ತಿ, "ಗೊತ್ತಾಯ್ತಾ?" ಎಂದು ಕೇಳಬೇಕು. ನಮ್ಮ ಕಡೆಯ ಹಿರಿಯರು ನಾವು ಬೇಸರ ಮಾಡಿಕೊಂಡೇವೆಂದು, "ಓ, ಗೊತ್ತಾಯ್ತು ಕಣವ್ವ" ಎಂದೇ ಹೇಳುತ್ತಿದ್ದರು. ಹೊಳೆನರಸೀಪುರದಲ್ಲಿ ಒಬ್ಬಾಕೆ ಹಾಗೆ ಎಲ್ಲಕ್ಕೂ ಹೂಂಗುಟ್ಟಿ, ಪರೀಕ್ಷೆಯಲ್ಲಿ ಪಾಸಾಗಿ ಹೋಗಿ, ತಿಂಗಳೊಳಗೆ ಅಂಗಾಲಿನಲ್ಲಿ ಮುರಿದ ಮುಳ್ಳಿನ ಸಮೇತ ವಾಪಸ್ಸು ಬಂದರು. ಮುಳ್ಳು ಚುಚ್ಚಿದ್ದೇ ಅವರಿಗೆ ಗೊತ್ತಿರಲಿಲ್ಲ. ಅಂದಿನಿಂದ ನಾನು ನಡುನಡುವೆ ಏನನ್ನೂ ಮುಟ್ಟಿಸದೆ, "ಈಗ?" ಎಂದು ಕೇಳತೊಡಗಿದೆ. "ಗೊತ್ತಾಯ್ತು" ಎಂದರೆ ಅದು ಮರ್ಯಾದೆಯ ಉತ್ತರ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಡಾಕ್ಟರ ಬಗ್ಗೆ ಹೇಳಬೇಕು. ಒಳ್ಳೆಯ ಮನುಷ್ಯರು, ಆದರೆ ಕೊಳೆ ಕಂಡರೆ ಆಗದು. ಕ್ಲಿನಿಕ್ಕಿನ ಬಾಗಿಲಲ್ಲೇ ದಪ್ಪ ಅಕ್ಷರದ ಬೋರ್ಡು: ಪಾದರಕ್ಷೆಗಳನ್ನು ಹೊರಗೆ ಬಿಡಿ. ಎಲ್ಲರೂ ಬಿಡುತ್ತಿದ್ದರು. ನಾವೂ ಬಿಡುತ್ತಿದ್ದೆವು. ಒಳಗೆ ಡಾಕ್ಟರು ದಿನವಿಡೀ, "ಬರಿಗಾಲಲ್ಲಿ ನಡೀಬೇಡಿ, ಒಂದು ಹೆಜ್ಜೇನೂ ಇಡಬೇಡಿ" ಎಂದು ಗದರುತ್ತಿದ್ದರು. ಕೇಳಿಸಿಕೊಂಡವರು ತಲೆಯಾಡಿಸಿ, ಬರಿಗಾಲಲ್ಲೇ ಎದ್ದು ಬಾಗಿಲವರೆಗೆ ನಡೆದು ಹೋಗುತ್ತಿದ್ದರು. ನನಗೂ ಬಹಳ ಕಾಲ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಒಂದು ದಿನ ಮಳೆ ಬಂತು. ಹೊರಗಿದ್ದ ಚಪ್ಪಲಿಗಳು ನೆನೆಯುತ್ತವಲ್ಲ ಎಂದು ಒಳಗೆ ಎತ್ತಿಡಲು ಹೋದೆ. ಸಾಲಾಗಿ ಜೋಡಿಸುವಾಗ ನೋಡುತ್ತೇನೆ, ನಾವೇ ಅಳತೆ ಕೊಟ್ಟು ಮಾಡಿಸಿದ ಚಪ್ಪಲಿಗಳೆಲ್ಲ ನಮ್ಮದೇ ಬಾಗಿಲಾಚೆ ಬಿದ್ದಿವೆ! ಡಾಕ್ಟರನ್ನು ಕರೆದು ತೋರಿಸಿದೆ. ಅವರು ಬೋರ್ಡನ್ನು ನೋಡಿದರು, ಚಪ್ಪಲಿಗಳನ್ನು ನೋಡಿದರು, ತಮ್ಮ ಬರಿಗಾಲನ್ನೂ ನೋಡಿಕೊಂಡರು. "ಲಲಿತಮ್ಮಾ, ಇದನ್ನ ಹೊರಗಿನ ಯಾವ ಡಾಕ್ಟರಿಗೂ ಹೇಳಬೇಡಿ" ಎಂದು ತಾವೇ ಸ್ಟೂಲು ಹತ್ತಿ ಬೋರ್ಡು ಕಳಚಿದರು.

ಬೋರ್ಡು ಹೋದ ಮೇಲೆ ಚಪ್ಪಲಿಗಳು ಒಳಗೆ ಬಂದವು. ನಾನು ಪಾದ ನೋಡುವ ಮೊದಲು ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ನೋಡುವ ಅಭ್ಯಾಸ ಮಾಡಿಕೊಂಡೆ. ಜಯಮ್ಮನ ವಿಷಯ ಬಿಚ್ಚಿಕೊಂಡಿದ್ದು ಹಾಗೆ.

ಜಯಮ್ಮನದು ಕೊಣನೂರಿನಿಂದ ಒಳಗೆ ಒಂದು ಹಳ್ಳಿ. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಮಾತಿಗೆ ಮುಂಚೆ ನಗು. ಗಂಡ ಸ್ವಾಮಿಗೌಡರು ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ಬ್ಯಾರನ್ ಎಂಬ ಗೂಡು ಮನೆಯ ಪಕ್ಕದಲ್ಲೇ. ಜಯಮ್ಮನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಒಂದು ಹುಣ್ಣಿತ್ತು. ಹಾಸನದಲ್ಲಿರುವ ಮಗಳ ಮನೆಯಲ್ಲಿ ಮಲಗಿಸಿ ಡ್ರೆಸಿಂಗ್ ಮಾಡಿದರೆ ಚೆನ್ನಾಗಿ ಮಾಯುತ್ತಿತ್ತು. ಊರಿಗೆ ಹೋಗಿ ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತಿತ್ತು. ಹೀಗೆ ಮೇಲಿಂದ ಮೇಲೆ ಆಯಿತು. ಪ್ರತಿ ಸಲವೂ ಮೊದಲಿಗಿಂತ ಆಳ.

"ಚಪ್ಪಲಿ ಹಾಕ್ಕೊಳ್ತಾ ಇಲ್ಲ ನೀವು" ಎಂದು ಡಾಕ್ಟರು ರೇಗಿದರು.

"ಆಕ್ಕತೀನಿ ಸಾ. ನಿಮ್ತಾವ ಸುಳ್ಯಾಕ್ ಯೋಳ್ಲಿ?"

"ಹಾಕ್ಕೊಂಡ್ರೆ ಯಾಕೆ ಹೀಗಾಗುತ್ತೆ? ನೋಡಮ್ಮ, ಇನ್ನೊಂದು ಸಲ ಹೀಗೇ ಬಂದ್ರೆ ಮೂಳೆಗೆ ಇಳಿದಿರುತ್ತೆ. ಆಗ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ."

ಜಯಮ್ಮನ ಮುಖದ ನಗು ಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ನಾನು ಅವರ ಚಪ್ಪಲಿಯನ್ನು ಕೈಗೆತ್ತಿಕೊಂಡೆ. ದಿನವಿಡೀ ಹಾಕಿದ ಚಪ್ಪಲಿಯ ಮೆತ್ತನೆ ರಬ್ಬರಿನಲ್ಲಿ ಬೆರಳುಗಳ ಗುಳಿ ಬಿದ್ದಿರುತ್ತದೆ. ಹಿಮ್ಮಡಿಯ ಜಾಗ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ಇವರದರಲ್ಲಿ ತಳಕ್ಕೆ ಮಣ್ಣು ಹತ್ತಿತ್ತು, ಆದರೆ ಮೇಲೆ ಗುಳಿಯೇ ಇರಲಿಲ್ಲ. ಸುಳ್ಳು ಹೇಳುತ್ತಿಲ್ಲ, ಹಾಕುತ್ತಾರೆ. ಆದರೆ ಎಲ್ಲಿ?

"ಚಪ್ಪಲಿ ಯಾವಾಗ ಹಾಕ್ಕೊಳ್ತೀರಾ ಜಯಮ್ಮಾ?"

"ಆಚೆಗೋದಾಗ."

"ಆಚೆಗೆ ಯಾವಾಗ ಹೋಗ್ತೀರಾ?"

"ಎಲ್ಲಿಗೋಗನವ್ವಾ, ನಿಂತ್ರೆ ಕೂತ್ರೆ ಅಡ್ಗೆಮನೆ. ಸೊಪ್ಪು ಮುರಿಯೋ ಕಾಲ್ದಲ್ಲಿ ಆಳುಗಳ್ಗೂ ನಾನೇ ಬೇಯಿಸ್ ಆಕ್ಬೇಕು."

ಡಾಕ್ಟರೂ ನಾನೂ ಮುಖ ನೋಡಿಕೊಂಡೆವು. ಇಷ್ಟು ದಿನ ನಾವು ಕೇಳಿದ್ದು ಹಾಕುತ್ತೀರಾ ಎಂದು. ಒಳಗೆ ಹಾಕುತ್ತೀರಾ ಎಂದು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಿ ಓಡಾಡುವ ಮನೆಯಲ್ಲಿ ನಾನೂ ಹುಟ್ಟಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಬೆಳಗಿನಿಂದ ರಾತ್ರಿಯವರೆಗೆ ಬೂಟು ಕಳಚದಿದ್ದುದು ನಮಗೆ ದೊಡ್ಡ ವಿಸ್ಮಯ. ಮನೆಗೆ ಬಂದು ಹೇಳಿದರೆ ನಮ್ಮಜ್ಜಿ, "ಪಾಪ, ಅವರಿಗೆ ಹೇಳೋರಿಲ್ಲ" ಎನ್ನುತ್ತಿದ್ದರು.

ಆ ಸಲ ಹುಣ್ಣು ಇನ್ನೂ ಮೂಳೆ ಮುಟ್ಟಿರಲಿಲ್ಲ. ಊರಿಗೆ ಹೋಗದೆ ಉಪಾಯವಿಲ್ಲ ಎಂದು ಜಯಮ್ಮ ಹಟ ಹಿಡಿದರು. ನಾನು ಅವರ ಮನೆಗೇ ಹೋಗಿ ಡ್ರೆಸಿಂಗ್ ಮಾಡುವುದು ಎಂದಾಯಿತು. ಮನೆಯೊಳಗೆ ಹಾಕಲು ಹೊಸದೊಂದು ಜೊತೆಯನ್ನು ಚಪ್ಪಲಿ ಮಾಡುವ ಖಾದರ್ ಸಾಬರಿಗೆ ಹೇಳಿ ಹೊಲಿಸಿದೆ. ಹುಣ್ಣಿನ ಜಾಗಕ್ಕೆ ಭಾರ ಬೀಳದಂತೆ ರಬ್ಬರಿನಲ್ಲಿ ಅಲ್ಲಿಗೆ ಸರಿಯಾಗಿ ಗುಂಡಿ ತೆಗೆದಿದ್ದರು. "ಒಳಗಡೇಗಾ ಮೇಡಂ? ಹಾಗಾದ್ರೆ ಚರ್ಮ ಬೇಡ, ಪಟ್ಟಿನೂ ಬಟ್ಟೇದೇ ಹಾಕ್ತೀನಿ. ಚರ್ಮ ಅಂದ್ರೆ ಅಜ್ಜಿಗಳು ಒಳಗೆ ಬಿಡಲ್ಲ" ಎಂದು ಅವರೇ ಯೋಚಿಸಿ ಮಾಡಿಕೊಟ್ಟರು.

ಬಸ್ಸಿನಲ್ಲಿ ಕೊಣನೂರಿಗೆ ಹೋಗಿ, ಸ್ವಾಮಿಗೌಡರ ಬೈಕಿನ ಹಿಂದೆ ಕೂತು ಆ ಮನೆಗೆ ಹೋದೆ. ಜಗಲಿಯ ಮೇಲೆ ಜಯಮ್ಮನ ಅತ್ತೆ ನಂಜಮ್ಮ ಕೂತಿದ್ದರು. ಸಣ್ಣ ದೇಹ, ಬಿಗಿಯಾಗಿ ಕಟ್ಟಿದ ಬಿಳಿ ತುರುಬು. ಮನೆಯೊಳಗೆ ಅವರ ಮಾತೇ ಕೊನೆಯದು ಎಂದು ಸ್ವಾಮಿಗೌಡರು ಬೈಕಿನ ಮೇಲೇ ಎಚ್ಚರಿಸಿದ್ದರು. ಅಡುಗೆಮನೆಯಲ್ಲಿ, ಗ್ಯಾಸಿನ ಕಟ್ಟೆಯ ಎದುರಿನ ಮೂಲೆಗೆ ದೇವರ ಗೂಡು. ಪಟಗಳು, ಕಂಚಿನ ದೀಪ, ಆವತ್ತಿನ ದಾಸವಾಳ. ನಾನು ಅಜ್ಜಿಯನ್ನು ಒಳಗೆ ಕೂರಿಸಿಕೊಂಡು ಎಲ್ಲ ವಿವರಿಸಿದೆ. ಚೀಲದಿಂದ ಹೊಸ ಚಪ್ಪಲಿ ತೆಗೆದು, "ಇದು ಹೊರಗಿನ ನೆಲವನ್ನೇ ತುಳಿದಿಲ್ಲ ಅಜ್ಜಿ, ಚರ್ಮವೂ ಅಲ್ಲ. ಒಳಗೆ ಮಾತ್ರ ಹಾಕ್ಕೊಳ್ಳೋಕೆ" ಎಂದೆ.

ಅಜ್ಜಿ ಚಪ್ಪಲಿಯನ್ನು ನೋಡಲಿಲ್ಲ. ನನ್ನ ಕಾಲು ನೋಡಿದರು.

"ನಿನ್ ಚಪ್ಲಿ ಎಲ್ಲವ್ವಾ?"

ನಾನು ಅವನ್ನು ಎಲ್ಲರ ಹಾಗೆ ಹೊಸ್ತಿಲಾಚೆ ಬಿಟ್ಟು, ಪಕ್ಕದಲ್ಲಿದ್ದ ಬಕೆಟ್ಟಿನ ನೀರಿನಿಂದ ಕಾಲು ತೊಳೆದುಕೊಂಡೇ ಒಳಗೆ ಬಂದಿದ್ದೆ.

"ಓದಿರೋಳು ನೀನೇ ಆಚೆ ಬುಟ್ ಬಂದಿದೀಯ. ನನ್ ಸೊಸೇಗೆ ದೇವ್ರ ಮುಂದ್ಕೇ ಮೆಟ್ಕೊಂಡೋಗು ಅಂತೀಯ. ಇದ್ಯಾವ ನ್ಯಾಯ ಕಣವ್ವಾ?"

ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ತೋರಿಸೋಣ ಎಂದುಕೊಂಡರೂ ಕಾಲು ಏಳಲಿಲ್ಲ. ಅಜ್ಜಿಗೆ ಅದೂ ಗೊತ್ತಾಯಿತು ಎಂದು ಕಾಣುತ್ತದೆ, ಮುಖ ಸ್ವಲ್ಪ ಮೆತ್ತಗಾಯಿತು. "ನೋವು ಅಂತ ಒಂದಿನ ಅಂದೋಳಲ್ಲ ಇವ್ಳು. ಕುಂಟಲ್ಲ, ಅಮ್ಮಾ ಅನ್ನಲ್ಲ. ನೋವಿಲ್ದ ಗಾಯಕ್ಕೆ ಇಷ್ಟ್ ಉಪಚಾರನಾ? ನನ್ ಕಾಲ್ಗೆ ನೇಗಿಲ್ ಕುಳ ತಾಗಿ ಮೂಳೆ ಕಂಡಿತ್ತು, ಅರಿಶಿಣ ಆಕ್ಕಂಡು ಕಳೆ ಕಿತ್ತಿವ್ನಿ" ಎಂದರು.

ಡ್ರೆಸಿಂಗ್ ಮಾಡಿ ಹೊರಟೆ. ಹೊರಡುವಾಗ ಜಯಮ್ಮ ಬೈಕಿನ ಹತ್ತಿರ ಬಂದು ಪಿಸುಗುಟ್ಟಿದರು: "ತೆಗ್ದೇ ಆಕ್ಬುಡಿ ಮೇಡಂ ಅತ್ಲಾಗೆ ಬೆರಳ್ನ. ದಿನಾ ಇದೇ ಮಾತಾದ್ರೆ ಮನೇಲಿ ಇರಕ್ಕಾಯ್ತದಾ?"

"ಬೆರಳು ತೆಗೆದ್ರೆ ಪಕ್ಕದ ಬೆರಳಿನ ಮೇಲೆ ಭಾರ ಬೀಳುತ್ತೆ ಜಯಮ್ಮಾ. ಅಲ್ಲಿ ಹುಣ್ಣಾಗುತ್ತೆ. ಆಮೇಲೆ?"

ಸ್ವಾಮಿಗೌಡರು ಬೈಕು ಒದೆಯುತ್ತಾ, "ನಮ್ಮವ್ವಂಗೆ ಯೋಳಕ್ಕೆ ನನ್ ಕೈಲಾಗಕಿಲ್ಲ ಮೇಡಂ. ನಮ್ಮಪ್ಪನ್ ಕೈಲೇ ಆಗಿರ್ಲಿಲ್ಲ" ಎಂದರು.

ಮುಂದಿನ ವಾರ ನಾನು ಹೋಗುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ. ಸೊಪ್ಪು ಕಡ್ಡಿಗೆ ಕಟ್ಟುವ ಹೆಂಗಸರು ಹೊರಗೆ ಚಪ್ಪರದ ಕೆಳಗೆ ಕೂತಿದ್ದರು. "ಇಟ್ಟು ತೊಳ್ಸಿ ಬತ್ತೀನಿ, ಕೂತಿರಿ ಮೇಡಂ" ಎಂದು ಜಯಮ್ಮ ಒಳಗಿನಿಂದ ಕೂಗಿದರು. ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಮುದ್ದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ.

ಆಳುಗಳಿಗೆಲ್ಲ ಆಗುವಷ್ಟು ದೊಡ್ಡ ಪಾತ್ರೆ. ಒಲೆಯಿಂದ ಇಳಿಸಿ ನೆಲದ ಮೇಲೆ ಇಟ್ಟಿದ್ದರು. ತೊಳಸುವಾಗ ಅಂಥ ಪಾತ್ರೆ ತಿರುಗಿಬಿಡುತ್ತದೆ. ತಿರುಗದಂತೆ ಅದರ ಕಂಠವನ್ನು ಕವೆಗೋಲಿನ ಕವಲಿಗೆ ಸಿಕ್ಕಿಸಿ, ಕೋಲಿನ ಮೇಲೆ ಕಾಲಿಟ್ಟು ಅದುಮಿ ಹಿಡಿಯಬೇಕು. ಜಯಮ್ಮ ಕುಳಿತು ಎರಡೂ ಕಾಲು ಚಾಚಿ ಕವೆಗೋಲನ್ನು ಒತ್ತಿ ಹಿಡಿದಿದ್ದರು. ಎರಡು ಕೈಯಿಂದ ಹಿಟ್ಟಿನ ಕೋಲನ್ನು ಗರಗರ ತಿರುಗಿಸುತ್ತಿದ್ದರು. ಹಿಟ್ಟು ಬಿಗಿಯಾದಷ್ಟೂ ಕಾಲಿನ ಒತ್ತು ಹೆಚ್ಚುತ್ತಿತ್ತು. ಮೈಯ ಬಲವೆಲ್ಲ ಹೋಗಿ ಬೀಳುತ್ತಿದ್ದುದು ಬಲಗಾಲಿನ ಹೆಬ್ಬೆರಳ ಬುಡಕ್ಕೆ. ನಾನು ಹಿಂದಿನ ವಾರ ಸುತ್ತಿದ್ದ ಬ್ಯಾಂಡೇಜು ಮರದ ಕೋಲಿಗೂ ಬಿಸಿ ಪಾತ್ರೆಗೂ ನಡುವೆ ಕಂದು ಬಣ್ಣಕ್ಕೆ ತಿರುಗಿತ್ತು. ಆಕೆ ನಗುನಗುತ್ತಾ ಹೊರಗಿನ ಹೆಂಗಸರಿಗೆ ಏನೋ ಜವಾಬು ಕೊಡುತ್ತಿದ್ದರು.

ಇಷ್ಟು ದಿನ ನಾವೆಲ್ಲ ನಡಿಗೆಯ ಬಗ್ಗೆ ಯೋಚಿಸುತ್ತಿದ್ದೆವು. ಆ ಕಾಲು ಕೂತಲ್ಲೇ ಸವೆಯುತ್ತಿತ್ತು.

ಊಟ ಬಡಿಸಿ ಬಂದ ಮೇಲೆ ಜಯಮ್ಮನನ್ನು ಹಜಾರದಲ್ಲಿ ಕೂರಿಸಿದೆ. "ಅಜ್ಜಿ, ನನಗೆ ಕನ್ನಡಕ ಹಾಕಿದ್ರೂ ಸರಿ ಕಾಣ್ತಿಲ್ಲ. ಟಾರ್ಚು ಹಿಡ್ಕೊಳ್ತೀರಾ?" ಎಂದು ನಂಜಮ್ಮನವರನ್ನು ಕರೆದೆ. ಕನ್ನಡಕ ಚೆನ್ನಾಗಿಯೇ ಇತ್ತು. ಅಜ್ಜಿ ಬೇಸರದಿಂದಲೇ ಬಂದು ಮಂಡಿಯೂರಿ ಮೊಬೈಲಿನ ಬೆಳಕು ಹಿಡಿದರು. ಬ್ಯಾಂಡೇಜು ಬಿಚ್ಚಿದೆ. ಸತ್ತ ಚರ್ಮವನ್ನು ಕತ್ತರಿಸಿ ತೆಗೆದು, ಆಳ ನೋಡಲು ಸ್ಟೀಲಿನ ಕಡ್ಡಿಯನ್ನು ಮೆಲ್ಲಗೆ ಹುಣ್ಣಿನೊಳಗೆ ಇಳಿಸಿದೆ. ಕಡ್ಡಿ ಒಳಗೆ ಹೋಗುತ್ತಲೇ ಇತ್ತು. ಜಯಮ್ಮ ಬಾಗಿಲ ಕಡೆ ತಿರುಗಿ, "ಲೇ ಸುಶೀಲಾ, ಸಾರು ಸಾಕಾಯ್ತಾ? ಇನ್ನೊಂದ್ ಸೌಟ್ ಆಕ್ಕಳ್ಳೇ" ಎಂದು ಕೂಗಿದರು.

ಅಜ್ಜಿ ಬೆಳಕನ್ನು ಸೊಸೆಯ ಮುಖದ ಕಡೆ ತಿರುಗಿಸಿದರು.

"ಜಯಾ," ಎಂದರು.

"ಏನತ್ತೆ?"

"ನೋಯಾಕಿಲ್ವೇನೇ?"

"ಏನು ನೋಯಾಕಿಲ್ವಾ?" ಜಯಮ್ಮ ತಿರುಗಿ, ತಮ್ಮ ಕಾಲಲ್ಲಿದ್ದ ಕಡ್ಡಿಯನ್ನು ಆಗ ನೋಡಿದರು. "ಓ, ಶುರು ಮಾಡಿದ್ರಾ ಮೇಡಂ?"

ನಂಜಮ್ಮ ಬೆಳಕನ್ನು ಮತ್ತೆ ಹುಣ್ಣಿನ ಮೇಲೆ ಹಿಡಿದರು. ನಾನು ಕಡ್ಡಿ ತೆಗೆದು ಒರೆಸಿ ನೋಡಿಕೊಂಡೆ. ಮೂಳೆ ಇನ್ನೂ ತಗುಲಿರಲಿಲ್ಲ, ಆದರೆ ಬಹಳ ದೂರವೂ ಉಳಿದಿರಲಿಲ್ಲ. ಅದನ್ನು ಇಬ್ಬರಿಗೂ ಹೇಳಿದೆ. ಹುಣ್ಣಾಗುತ್ತಿರುವುದು ಕವೆಗೋಲಿನಿಂದ ಎಂಬುದನ್ನೂ ಹೇಳಿದೆ. "ನಿಮಗೆ ಕುಳ ತಾಗಿದಾಗ ನೋವಿತ್ತಲ್ಲ ಅಜ್ಜಿ, ಅದು ನಿಮ್ಮ ಕಾಲನ್ನ ಕಾಪಾಡ್ತು. ನೀವೇ ಆ ಕಾಲನ್ನ ಎತ್ತೆತ್ತಿ ಇಟ್ಟಿರ್ತೀರಾ. ಜಯಮ್ಮನಿಗೆ ಹಾಗೆ ಹೇಳೋರು ಕಾಲಲ್ಲಿ ಯಾರೂ ಇಲ್ಲ."

ಅಜ್ಜಿ ಎದ್ದು ಬಚ್ಚಲಿಗೆ ಹೋದರು. ನೀರು ಹುಯ್ದುಕೊಳ್ಳುವ ಸದ್ದು ಕೇಳಿಸಿತು. ಈ ಹೊತ್ತಲ್ಲಿ ಸ್ನಾನವೇ ಎಂದು ಜಯಮ್ಮ ನನ್ನ ಮುಖ ನೋಡಿದರು. ನನಗೂ ಹೆದರಿಕೆಯಾಯಿತು, ಹುಣ್ಣು ನೋಡಿದ್ದಕ್ಕೆ ಮೈಲಿಗೆ ಎಂದುಕೊಂಡರೇನೋ ಅಂತ. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹೊರಬಂದ ನಂಜಮ್ಮ ನೇರ ಅಡುಗೆಮನೆಗೆ ಹೋದರು.

"ಸ್ವಾಮೀ! ಬಾರ್ಲಾ ಇಲ್ಲಿ. ಸುತ್ತಿಗೆ ಮೊಳೆ ತಗಂಬಾ."

ಸ್ವಾಮಿಗೌಡರು ಎಂಜಲು ಕೈಯಲ್ಲೇ ಓಡಿ ಬಂದರು. "ಯಾಕವ್ವಾ?"

"ಕೈ ತೊಳ್ಕಂಡ್ ಬಾ ಮೊದ್ಲು. ದೇವ್ರನ್ನ ಅಜಾರಕ್ಕೆ ಕೂರಿಸ್ಬೇಕು."

"ಇವತ್ತಾ? ಒಳ್ಳೆ ದಿನ ನೋಡ್ದೆ..."

"ನಿನ್ ಎಂಡ್ರ ಕಾಲು ಒಳ್ಳೆ ದಿನ ಕಾಯ್ಕಂಡ್ ಕೂತದಾ? ಚಪ್ಲಿ ದೇವ್ರ ತಾವ್ಕೆ ಬರಂಗಿಲ್ಲ, ಅದು ಯಾವತ್ತೂ ಇಲ್ಲ. ದೇವ್ರೇ ಎದ್ದು ಈಚೆಗ್ ಬರ್ಲಿ. ಅವ್ರಿಗೇನು, ಕಾಲು ಚೆನ್ನಾಗವೆ."

ಅಷ್ಟು ಹೇಳಿ, ಒಂದೊಂದೇ ಪಟವನ್ನು ಇಳಿಸಿ, ಸೆರಗಿನಿಂದ ಎಣ್ಣೆಮಸಿ ಒರೆಸಿ, ಎದೆಗಾನಿಸಿಕೊಂಡು ತಂದರು. ಹಜಾರದಲ್ಲಿ ಟಿವಿಯ ಪಕ್ಕದ ಗೋಡೆಗೆ ಸ್ವಾಮಿಗೌಡರು ಮೊಳೆ ಹೊಡೆದರು. ಹಜಾರಕ್ಕೆ ಜಯಮ್ಮ ಚಪ್ಪಲಿ ಮೆಟ್ಟಿ ಬರುವ ಹಾಗಿಲ್ಲ, ಅಡುಗೆಮನೆ ಮತ್ತು ಹಿತ್ತಿಲಲ್ಲಿ ಮಾತ್ರ ಎಂದು ಅಲ್ಲೇ ಕಾನೂನಾಯಿತು. ಚಪ್ಪಲಿಯಲ್ಲಿ ಮುಂಬಾಗಿಲಿಗೆ ಬರಬೇಕಾದರೆ ಹಿತ್ತಿಲಿನಿಂದ ಸುತ್ತಿ ಬರಬೇಕು. "ಒಲೆ ಮುಂದೆ ಪರವಾಗಿಲ್ವಾ ಅವ್ವಾ?" ಎಂದು ಸ್ವಾಮಿಗೌಡರು ಕೆಣಕಿದರು. "ಸೌದೆ ಒಲೇಗೆ ಪೂಜೆ ಮಾಡ್ತಿದ್ದೊ. ಸಿಲಿಂಡ್ರಿಗೆ ಯಾವನ್ಲಾ ಪೂಜೆ ಮಾಡಾನು?" ಎಂದರು ಅಜ್ಜಿ.

ಹಾಸನಕ್ಕೆ ಬಂದು ಇದನ್ನು ಹೇಳಿದಾಗ ಡಾಕ್ಟರು ಕುರ್ಚಿಗೆ ಒರಗಿ ಬಹಳ ಹೊತ್ತು ನಕ್ಕರು. "ದೇವರನ್ನ ಹಜಾರಕ್ಕೆ ಕಳಿಸಿ ಅಂತ ನಾನು ಚೀಟೀಲಿ ಹೇಗಮ್ಮ ಬರೀಲಿ?" ಎಂದರು. ಆಮೇಲೆ ನಗು ನಿಲ್ಲಿಸಿ, "ಚಪ್ಪಲಿಯಿಂದ ಅರ್ಧ ಆಯ್ತು. ಕವೆಗೋಲಿಗೆ ಏನು ಮಾಡ್ತೀರಾ?" ಎಂದು ಕೇಳಿದರು.

ಅದೇ ನನಗೂ ಚಿಂತೆಯಾಗಿತ್ತು. ಚಪ್ಪಲಿ ಕಾಲಿನಿಂದ ಕವೆಗೋಲು ತುಳಿಯುವುದನ್ನು ಅಜ್ಜಿ ಒಪ್ಪುವುದಿಲ್ಲ, ಅದು ಅನ್ನ ಮಾಡುವ ಕೋಲು. ನನಗೂ ಹೇಳಲು ಬಾಯಿ ಬರಲಿಲ್ಲ. ಹುಣ್ಣು ಮಾಯುವವರೆಗೆ ಹಿಟ್ಟು ತೊಳಸುವುದನ್ನು ಸ್ವಾಮಿಗೌಡರಿಗೆ ಒಪ್ಪಿಸಿದ್ದರು. ಗಂಟುಗಂಟು ಮುದ್ದೆ ತಿಂದ ಆಳುಗಳು, "ಗೌಡ್ರೆ, ಇದ್ರಲ್ಲಿ ಗೋಡೆ ಕಟ್ಬೋದು" ಎನ್ನುತ್ತಿದ್ದರಂತೆ. ವಾರವಾರ ಹೋದಾಗ ಹುಣ್ಣು ರೂಪಾಯಿಯಷ್ಟಿದ್ದುದು ಕೋಟಿನ ಗುಂಡಿಯಷ್ಟಾಗಿ, ಗುಂಡಿಯಷ್ಟಿದ್ದುದು ಅವರೆಕಾಳಿನಷ್ಟಾಗಿ, ಕೊನೆಗೆ ತೆಳುವಾದ ಗುಲಾಬಿ ಚರ್ಮ ಕೂಡಿಕೊಂಡಿತು. ಆದರೆ ಹಿಂದೆಯೂ ಹೀಗೆ ಕೂಡಿಕೊಂಡಿತ್ತಲ್ಲ. ನಾನು ಸಂತೋಷಪಡಲು ಹೆದರಿದೆ. ಹೊಗೆಸೊಪ್ಪಿನ ಕೆಲಸ ಮತ್ತೆ ಜೋರಾದಾಗ ಆಕೆ ಆ ದೊಡ್ಡ ಪಾತ್ರೆಯ ಮುಂದೆ ಕಾಲು ಚಾಚಿ ಕೂರುವುದು ಖಂಡಿತ ಎಂದು ನನಗೆ ಗೊತ್ತಿತ್ತು.

ಬೇರೆ ಕ್ಯಾಂಪುಗಳ ನಡುವೆ ನನಗೆ ಕೆಲವು ತಿಂಗಳು ಆ ಕಡೆ ಹೋಗಲಾಗಲಿಲ್ಲ. ಜಯಮ್ಮನೂ ಬರಲಿಲ್ಲ. ಬರದಿದ್ದವರ ಬಗ್ಗೆ ಈ ಕೆಲಸದಲ್ಲಿ ಎರಡು ಥರ ಯೋಚನೆ ಬರುತ್ತದೆ, ಯಾವುದನ್ನೂ ನಂಬುವ ಹಾಗಿರುವುದಿಲ್ಲ. ಮುಂದಿನ ಸೊಪ್ಪಿನ ಕಾಲದಲ್ಲಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಚಪ್ಪರದ ಕೆಳಗೆ ಹೆಂಗಸರು ತಟ್ಟೆ ಹಿಡಿದು ಕಾಯುತ್ತಿದ್ದರು. ಹಿತ್ತಿಲಿನಿಂದ ಸುತ್ತಿ ಅಡುಗೆಮನೆಯ ಬಾಗಿಲಿಗೆ ಬಂದೆ.

ನೆಲದ ಮೇಲೆ ಅದೇ ದೊಡ್ಡ ಪಾತ್ರೆ, ಕಂಠಕ್ಕೆ ಸಿಕ್ಕಿಸಿದ ಅದೇ ಕವೆಗೋಲು. ಪಾತ್ರೆಯ ಈಚೆ ಮಗ್ಗುಲಲ್ಲಿ ಜಯಮ್ಮ ಎತ್ತರದ ಮಣೆಯ ಮೇಲೆ ಕೂತು, ಖಾದರ್ ಸಾಬರ ಬಟ್ಟೆ ಪಟ್ಟಿಯ ಚಪ್ಪಲಿಯಲ್ಲಿ ಕಾಲನ್ನು ಹಿಂದಕ್ಕೆ ಮಡಚಿಟ್ಟುಕೊಂಡು, ಎರಡು ಕೈಯಿಂದ ಹಿಟ್ಟು ತೊಳಸುತ್ತಿದ್ದರು. ಆಚೆ ಮಗ್ಗುಲಲ್ಲಿ ನಂಜಮ್ಮ ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಮೊಣಕಾಲಿನ ತನಕ ಎಳೆದುಕೊಂಡು, ಬರಿಗಾಲು ಎರಡನ್ನೂ ಚಾಚಿ ಕವೆಗೋಲನ್ನು ಅದುಮಿ ಹಿಡಿದಿದ್ದರು. ಬಿಸಿ ಹೆಚ್ಚಾದಾಗ ಒಂದು ಕಾಲು ಎತ್ತಿ, ಗಾಳಿಗೆ ಹಿಡಿದು, ಮತ್ತೆ ಇಡುತ್ತಿದ್ದರು. ಇಟ್ಟ ಮೇಲೆ ಇನ್ನೊಂದನ್ನು ಎತ್ತುತ್ತಿದ್ದರು.

"ಬಿಗಿಯಾಗ್ ಇಡ್ಕಳಿ ಅತ್ತೆ, ತಿರುಗ್ತದೆ."

"ಇಡ್ಕಂಡೇ ಇವ್ನಿ. ನಿನ್ ಕೈ ಜೋರಾಗ್ ಬರ್ಲಿ. ನನ್ ಮಗನ್ ಇಟ್ಟು ತಿಂದು ಅಲ್ಲು ಅಲ್ಲಾಡ್ತಾವೆ."

ಜಯಮ್ಮ ನಕ್ಕು ತಲೆಯೆತ್ತಿದಾಗ ಬಾಗಿಲಲ್ಲಿದ್ದ ನಾನು ಕಣ್ಣಿಗೆ ಬಿದ್ದೆ. "ಅಯ್ಯೋ ಮೇಡಂ! ಬನ್ನಿ, ಬನ್ನಿ" ಎಂದು ಏಳಲು ಹೋದರು.

ನಾನು ಚೀಲ ಇಳಿಸಿ, "ಕಾಲು ತೋರಿಸಿ ಜಯಮ್ಮಾ, ಮೊದಲು ಕಾಲು" ಎಂದೆ. ನನ್ನ ದನಿಯಲ್ಲಿದ್ದ ಆತುರ ನನಗೇ ಕೇಳಿಸಿತು.

"ಈಗ್ಲೇ ಬ್ಯಾಡ ಕಣವ್ವ," ಎಂದು ನಂಜಮ್ಮ ಕೂತಲ್ಲಿಂದಲೇ ತಡೆದರು. "ಕೈ ಬುಟ್ರೆ ಇಟ್ಟು ಗಂಟಾಯ್ತದೆ. ಕಾಲಿಗೇನೂ ಆಗಿಲ್ಲ, ಚೆಂದಾಗದೆ. ಇದು ಮುಗೀಲಿ, ಆಮೇಲ್ ನೋಡೀವಂತೆ. ಅಲ್ಲೀಗಂಟ ಸುಮ್ಕಿರು."

ಚೀಲವನ್ನು ಬಾಗಿಲ ಪಕ್ಕಕ್ಕೆ ಸರಿಸಿ, ಹೇಳಿದಂತೆ ಸುಮ್ಮನೆ ನಿಂತೆ. ನಾನು ನೋಡಲು ಬಂದಿದ್ದ ಕಾಲಿಗೆ ಬಿಡುವಿತ್ತು, ಕೈಗಳಿಗೆ ಇರಲಿಲ್ಲ.